ಹನ್ನೊಂದು ನಿಮಿಷದ ಕರೆ

ಬಾಗಿಲು ತಟ್ಟಿದ್ದು ಎರಡೇ ಸಲ. ಎರಡನೆಯ ಪೆಟ್ಟಿಗೆ ಅದು ತಾನಾಗಿ ಒಳಕ್ಕೆ ಸರಿಯಿತು.

ಹಾಲ್‌ನಲ್ಲಿ ಒಬ್ಬ ಹೆಂಗಸು ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದರು. ನಿದ್ದೆ ಹತ್ತಿದೆ ಎಂದುಕೊಂಡೆ. "ಮೇಡಂ, ಫೋನ್ ಕಂಪನಿಯಿಂದ ಬಂದಿದ್ದೀನಿ" ಎಂದೆ. ಹತ್ತಿರ ಹೋದ ಮೇಲೆ ಗೊತ್ತಾಯಿತು. ತಲೆಯ ಕೆಳಗೆ ಅಚ್ಚಿನ ಹಾಳೆಗಳಿದ್ದವು. ಹಾಳೆಗಳ ತುಂಬ ಕೆಂಪು ಪೆನ್ನಿನ ತಿದ್ದುಪಡಿ. ಅದರ ಮೇಲೆ ಹರಿದು ಒಣಗಿದ್ದು ಪೆನ್ನಿನದಲ್ಲ. ಕಾಗದ ಹಾರದಂತೆ ಇಡುವ ಕಬ್ಬಿಣದ ಗುಂಡು ನೆಲದಲ್ಲಿ ಬಿದ್ದಿತ್ತು.

ಪೊಲೀಸರಿಗೆ ಫೋನ್ ಮಾಡೋಣವೆಂದರೆ ಸಿಗ್ನಲ್ಲಿನ ಗೆರೆ ಒಂದೂ ಇಲ್ಲ. ನನ್ನ ಚೀಲದಲ್ಲಿ ನಾಲ್ಕು ಫೋನ್‌ಗಳಿರುತ್ತವೆ. ನಾಲ್ಕೂ ಸತ್ತಂತಿದ್ದವು. ಹಾಲ್, ಮಲಗುವ ಕೋಣೆ, ಹಿತ್ತಿಲ ಮೆಟ್ಟಿಲು, ಎಲ್ಲಿಯೂ ಇಲ್ಲ. ಕೊನೆಗೆ ಸ್ನಾನದಮನೆಯ ಕಿಟಕಿಯ ಬಳಿ ಒಂದು ಗೆರೆ ಬಂತು. ಅಲ್ಲಿ ಒಂದು ಮೊಳೆಗೆ ಪುಟ್ಟ ಬಟ್ಟೆಯ ಚೀಲ ನೇತುಹಾಕಿತ್ತು. ಒಳಗೆ ಏನೂ ಇರಲಿಲ್ಲ. ಅದನ್ನೇ ಹಿಡಿದುಕೊಂಡು ನಿಂತು ಠಾಣೆಗೆ ಕರೆ ಮಾಡಿದೆ. ಆಗ ಹತ್ತು ಗಂಟೆಗೆ ಎರಡು ನಿಮಿಷವಿತ್ತು.

ಬರುವ ಮೊದಲು, ಗುಡ್ಡದ ಇಳಿಜಾರಿನ ತಲೆಯಲ್ಲಿ ನಿಂತು ಅವರ ನಂಬರಿಗೆ ಕರೆ ಮಾಡಿದ್ದೆ. ಒಂಬತ್ತು ಐವತ್ತೆರಡಕ್ಕೆ. ಎಂಟು ಸಲ ರಿಂಗ್ ಆಗಿ ನಿಂತಿತ್ತು. ಕೈ ಬಿಡುವಿಲ್ಲದೆ ಇರಬಹುದು ಎಂದುಕೊಂಡು ಕೆಳಗಿಳಿದಿದ್ದೆ.

* * *

ನನ್ನ ಕೆಲಸ ನಡೆಯುವುದು. ನಾಲ್ಕು ಫೋನ್‌ಗಳು ಚೀಲದೊಳಗೆ ಒಂದಕ್ಕೊಂದು ಕರೆ ಮಾಡಿಕೊಳ್ಳುತ್ತ, ಎಲ್ಲಿ ಸಿಗ್ನಲ್ ಚೆನ್ನಾಗಿದೆ, ಎಲ್ಲಿ ಕಡಿದುಹೋಗುತ್ತದೆ ಎಂದು ಬರೆದುಕೊಳ್ಳುತ್ತವೆ. ಸಂಜೆ ಕಂಪ್ಯೂಟರಿಗೆ ಹಾಕಿದರೆ ನಕ್ಷೆ ಬರುತ್ತದೆ. ಚೆನ್ನಾಗಿರುವ ಬೀದಿ ಹಸಿರು, ಸುಮಾರಾದದ್ದು ಹಳದಿ, ಏನೂ ಇಲ್ಲದ್ದು ಕೆಂಪು. ಇಡೀ ದಿನ ನಾಲ್ಕು ಫೋನ್ ಹೊತ್ತು ತಿರುಗುತ್ತೇನೆ. ನನಗೆಂದು ಬರುವ ಕರೆ ವಾರಕ್ಕೊಂದು ಬಂದರೆ ಹೆಚ್ಚು.

ಮಂಗಳವಾರ ಮಾತ್ರ ಆಫೀಸಿನಲ್ಲಿ ಕೂತು ದೂರುಗಳನ್ನು ಮುಗಿಸಬೇಕು. ಮುಗಿಸುವುದೆಂದರೆ ದುರಸ್ತಿ ಮಾಡುವುದಲ್ಲ. ದೂರು ಕೊಟ್ಟವರಿಗೆ ಫೋನ್ ಮಾಡಿ "ಈಗ ಕೇಳಿಸ್ತಿದೆಯಾ?" ಎನ್ನಬೇಕು. ಅವರು "ಕೇಳಿಸ್ತಿದೆ" ಎಂದರೆ ಒಂದು ಗುಂಡಿ ಒತ್ತಬೇಕು. ದೂರು ಮುಗಿಯಿತು. ಕೇಳಿಸದವರು ಫೋನ್ ಎತ್ತುವುದೇ ಇಲ್ಲವಲ್ಲ, ಆದ್ದರಿಂದ ನಮ್ಮ ಕಂಪನಿಯಲ್ಲಿ ಎಲ್ಲರಿಗೂ ಕೇಳಿಸುತ್ತದೆ.

ಈ ಹೆಂಗಸು ಎರಡು ವರ್ಷದಿಂದ ಪ್ರತಿ ಸೋಮವಾರ ದೂರು ಕೊಡುತ್ತಿದ್ದರು. ಪ್ರತಿ ಮಂಗಳವಾರ ನಾನು ಫೋನ್ ಮಾಡುತ್ತಿದ್ದೆ. ಆಫೀಸಿನಲ್ಲಿ ಅವರಿಗೆ ಮಂಗಳವಾರದಕ್ಕ ಎಂದೇ ಹೆಸರು. "ನಿಮ್ಮ ಅಕ್ಕಂಗೆ ಫೋನ್ ಮಾಡಿದ್ರಾ?" ಎಂದು ಪಕ್ಕದ ಮೇಜಿನವರು ಕಾಲೆಳೆಯುತ್ತಿದ್ದರು. ನಾನೂ ನಗುತ್ತಿದ್ದೆ. ಗುಂಡಿ ಒತ್ತುತ್ತಿದ್ದೆ. ನೂರಕ್ಕೂ ಹೆಚ್ಚು ಸಲ ಒತ್ತಿದ್ದೇನೆ. ಒಮ್ಮೆಯೂ ಬಂದು ನೋಡಿರಲಿಲ್ಲ.

ಹೋದ ವಾರ ಅವರೇ ಅಂದಿದ್ದರು, "ಒಂದೇ ಒಂದ್ಸಲ ಬಂದು ನೋಡಿ. ಆಮೇಲೆ ನಾನು ದೂರು ಕೊಡಲ್ಲ." ಅದಕ್ಕೇ ಮಂಗಳವಾರ ಆಫೀಸಿನಲ್ಲಿ ಕೂರದೆ ಇಲ್ಲಿಗೆ ಬಂದೆ. ಎರಡು ವರ್ಷ ಕೇಳಿದ ದನಿಗೆ ಮುಖ ಸಿಕ್ಕಿದ್ದು ಅವತ್ತು.

* * *

ಹತ್ತೂಕಾಲಿಗೆ ಇನ್ಸ್‌ಪೆಕ್ಟರ್ ಬಂದರು. ಬಾಯಲ್ಲಿ ಪೆಪ್ಪರ್‌ಮಿಂಟ್, ಮುಖದಲ್ಲಿ ಸಿಡಿಮಿಡಿ. ಜೀಪಿನಲ್ಲಿ ಇನ್ನೊಬ್ಬರೂ ಇದ್ದರು. ಸತ್ತವರ ತಮ್ಮ. ಗುಡ್ಡದ ಮೇಲೆ ಠಾಣೆಯ ಪಕ್ಕದ ಪ್ರಿಂಟಿಂಗ್ ಪ್ರೆಸ್ ಅವರದೇ. ಅಕ್ಕ ಅದೇ ಪ್ರೆಸ್ಸಿನ ಕರಡು ತಿದ್ದುತ್ತಿದ್ದವರು. ವಿಷಯ ತಿಳಿದ ಕೂಡಲೇ ಅವರನ್ನೂ ಕರೆದುಕೊಂಡು ಬಂದಿದ್ದರು.

ತಮ್ಮ ಅಕ್ಕನನ್ನು ನೋಡಿ ಗೋಡೆ ಹಿಡಿದುಕೊಂಡರು. "ಗಂಟಲು ಒಣಗ್ತಿದೆ, ಸ್ವಲ್ಪ ನೀರು" ಎನ್ನುತ್ತ ತಾವೇ ಅಡುಗೆಮನೆಗೆ ಹೋದರು. ಮುಖ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕುಸಿದರು.

ಆಮೇಲೆ ಶೋಧ ಶುರುವಾಯಿತು. ಪೇದೆ ಅಡುಗೆಮನೆಯಿಂದ ಒಂದು ಹಳೆಯ ಗುಂಡಿ ಫೋನ್ ತಂದರು.

"ಒಲೆ ಪಕ್ಕದ ಶೆಲ್ಫಲ್ಲಿತ್ತು ಸರ್."

ಅಷ್ಟರಲ್ಲಿ ಬಂದ ಪೊಲೀಸ್ ಡಾಕ್ಟರು ದೇಹ ನೋಡಿ, ಸಾವು ನಿನ್ನೆ ಸಂಜೆ ನಾಲ್ಕರಿಂದ ಆರರೊಳಗೆ ಎಂದರು.

"ಐದೂಕಾಲರ ತನಕ ಬದುಕಿದ್ಲು" ಎಂದರು ತಮ್ಮ. "ನನಗೆ ಫೋನ್ ಮಾಡಿದ್ಲು. ಹತ್ತು ಹನ್ನೊಂದು ನಿಮಿಷ ಮಾತಾಡಿದ್ವಿ. ಪ್ರೆಸ್ಸಲ್ಲಿ ನಾಲ್ಕು ಜನ ಕೆಲಸಗಾರರು ಎದುರಿಗೇ ಇದ್ರು. ಕೇಳಿ ಬೇಕಾದ್ರೆ."

ಇನ್ಸ್‌ಪೆಕ್ಟರ್ ಫೋನ್ ಒತ್ತಿ ನೋಡಿದರು. ಹೋದ ಕರೆಗಳ ಪಟ್ಟಿಯಲ್ಲಿ ತಮ್ಮನ ಹೆಸರಿತ್ತು. ಐದು ಹನ್ನೆರಡು. ಹನ್ನೊಂದು ನಿಮಿಷ.

"ಏನಂದ್ರು?"

"ಕೆಲಸದವಳ ಜತೆ ಜಗಳ ಆಗಿದೆ ಅಂದ್ಲು. ಬಳೆ ಕಾಣ್ತಿಲ್ಲ, ಕೇಳಿದ್ರೆ ಮೇಲೇ ಬರ್ತಾಳೆ ಅಂದ್ಲು. ಈಗ ಮತ್ತೆ ಬರ್ತಾಳೆ, ಹೆದರಿಕೆ ಆಗ್ತಿದೆ ಅಂದ್ಲು. ನಾನು ಕೆಲಸ ಬಿಟ್ಟು ಬರಬೇಕಿತ್ತು ಸರ್. ಬರಲಿಲ್ಲ."

ಅವರು ಅತ್ತರು.

* * *

ಕೆಲಸದಾಕೆಯನ್ನು ಹಿಂದಿನ ಬೀದಿಯಿಂದ ಕರೆತಂದರು. ಸಣಕಲು ಹೆಂಗಸು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ನಿಂತಳು.

"ನಿನ್ನೆ ಬಂದಿದ್ಯಾ?"

"ಐದೂವರೆಗೆ ಬಂದೆ ಸರ್. ಒಂದ್ಸಲ ಬೆಲ್ ಒತ್ತಿದೆ. ಬಾಗಿಲು ತೆಗೀಲಿಲ್ಲ. ಹೋದೆ."

"ಒಂದೇ ಸಲ ಒತ್ತಿ ಹೋಗಿಬಿಟ್ಯಾ?"

"ಎರಡನೇ ಸಲ ಒತ್ತಬಾರದು ಅಂತ ಅಮ್ಮಾವ್ರೇ ಹೇಳಿದ್ರು. ಹಾಳೆ ಓದ್ತಾ ಇದ್ರೆ ಸಾಲು ತಪ್ಪತ್ತಂತೆ."

"ಬಳೆ ಎಲ್ಲಿ?"

"ಯಾವ ಬಳೆ ಸರ್? ಅಮ್ಮಾವ್ರು ಬಳೆ ಹಾಕಿದ್ದನ್ನೇ ನಾನು ಕಂಡಿಲ್ಲ."

ಇನ್ಸ್‌ಪೆಕ್ಟರ್ ಪೆಪ್ಪರ್‌ಮಿಂಟನ್ನು ಕಟಕಟ ಅಗಿದರು. "ಜೀಪ್ ಹತ್ತು. ಅಲ್ಲಿ ಎಲ್ಲ ನೆನಪಾಗತ್ತೆ."

ಅವಳು ಕೂಗಾಡಲಿಲ್ಲ. "ಮಗಳು ಶಾಲೆಯಿಂದ ಬಂದು ಬೀಗ ಹಾಕಿದ ಮನೆ ಮುಂದೆ ಕೂತ್ಕೋತಾಳೆ. ಪಕ್ಕದ ಮನೆಯವರಿಗೆ ಒಂದು ಫೋನ್ ಮಾಡ್ಲಾ ಸರ್?" ಎಂದಳು. ಅವರು ತಲೆಯಾಡಿಸಿದರು. ಅವಳು ಫೋನ್ ತೆಗೆದವಳೇ, ಯಾರನ್ನೂ ಏನೂ ಕೇಳದೆ ನೇರ ಸ್ನಾನದಮನೆಗೆ ಹೋಗಿ ಕಿಟಕಿಯ ಮೊಳೆಯ ಪಕ್ಕ ನಿಂತಳು. ಪೇದೆ ಓಡಿಹೋಗಿ ಹಿಡಿದರು.

"ಎಲ್ಲಿಗೆ ಓಡ್ತೀಯಾ?"

"ಓಡಲ್ಲ ಸರ್. ಈ ಮನೇಲಿ ಇಲ್ಲೊಂದೇ ಕಡೆ ಸಿಗೋದು. ಅಮ್ಮಾವ್ರ ಫೋನ್ ಯಾವಾಗ್ಲೂ ಈ ಚೀಲದಲ್ಲೇ ಇರ್ತಿತ್ತು. ಬೇರೆ ಕಡೆ ಇಟ್ಟಿದ್ದು ನಾನಂತೂ ಕಂಡಿಲ್ಲ."

ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಿಕೆ ಕೊಟ್ಟಾಗಿತ್ತು, ಹೊರಡಬಹುದು ಎಂದಿದ್ದರು. ಹೊರಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎರಡು ವರ್ಷದಿಂದ ಈ ಮನೆಯಿಂದ ತಪ್ಪಿಸಿಕೊಂಡೇ ಬಂದವನು ನಾನು. ಅವತ್ತು ಕಾಲು ಏಳಲಿಲ್ಲ.

"ಸರ್, ಆ ಮೇಜಿನ ಡ್ರಾಯರ್ ನೋಡಬಹುದಾ?"

"ಯಾಕ್ರೀ?"

"ಅವರು ಒಂದು ಪುಸ್ತಕ ಬರೀತಾ ಇದ್ರು. ಸಿಗ್ನಲ್ಲಿನ ಲೆಕ್ಕ. ನಾನು ಫೋನ್ ಮಾಡಿದಾಗೆಲ್ಲ ಅದನ್ನ ನೋಡ್ಕೊಂಡೇ ಹೇಳ್ತಿದ್ರು, ಮೇಜಿನ ಡ್ರಾಯರಲ್ಲಿ ಇಟ್ಟಿರ್ತೀನಿ ಅಂದಿದ್ರು."

* * *

ಪುಸ್ತಕ ಡ್ರಾಯರಿನಲ್ಲೇ ಇತ್ತು. ದಿನಕ್ಕೊಂದು ಪುಟ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಹಾಲ್: ಇಲ್ಲ. ಮಲಗುವ ಕೋಣೆ: ಇಲ್ಲ. ಅಡುಗೆಮನೆ: ಇಲ್ಲ. ಸ್ನಾನದಮನೆ ಕಿಟಕಿ: ಒಂದು ಗೆರೆ. ಕೆಳಗೆ ಆ ದಿನ ಬಂದ ಕರೆ, ಹೋದ ಕರೆ, ಎಷ್ಟು ಹೊತ್ತಿಗೆ ಕಡಿಯಿತು ಎಂಬುದು. ಹೆಚ್ಚಿನ ಪುಟಗಳಲ್ಲಿ ಆ ಜಾಗ ಖಾಲಿ. ಒಂದು ಅಕ್ಷರ ಹೊಡೆದು ಬರೆದದ್ದಿಲ್ಲ.

"ಸರ್, ಆ ಫೋನನ್ನ ಸಿಕ್ಕಿದ ಜಾಗದಲ್ಲೇ ಇಟ್ಟು, ನೀವು ಇಳಿಜಾರು ಹತ್ತಿ ಮೇಲೆ ಹೋಗಿ ಕರೆ ಮಾಡಿ."

ಇನ್ಸ್‌ಪೆಕ್ಟರ್ ನನ್ನನ್ನು ತಿನ್ನುವಂತೆ ನೋಡಿದರು. ಆದರೂ ಹೋದರು. ಅಡುಗೆಮನೆಯ ಶೆಲ್ಫಿನಲ್ಲಿ ಫೋನ್ ಗಪ್‌ಚಿಪ್ ಕೂತಿತ್ತು. ಹತ್ತು ನಿಮಿಷದ ಮೇಲೆ ಏದುಸಿರು ಬಿಡುತ್ತ ಇಳಿದು ಬಂದರು.

"ವ್ಯಾಪ್ತಿ ಪ್ರದೇಶದ ಹೊರಗಿದ್ದಾರಂತೆ. ಮೂರು ಸಲ ಮಾಡಿದೆ."

"ಈಗ ಇದರಲ್ಲಿ ಮಿಸ್ಡ್ ಕಾಲ್‌ಗಳ ಪಟ್ಟಿ ನೋಡಿ ಸರ್."

ಅವರ ಮೂರು ಕರೆಗಳಲ್ಲಿ ಒಂದೂ ಅಲ್ಲಿರಲಿಲ್ಲ. ಇದ್ದದ್ದು ಒಂದೇ. ಇವತ್ತು, ಒಂಬತ್ತು ಐವತ್ತೆರಡು.

"ಇದು ಯಾರ ನಂಬರು?"

"ನನ್ನದು. ಮೇಲಿಂದ ಮಾಡಿದ್ದೆ. ಎಂಟು ಸಲ ರಿಂಗ್ ಆಯ್ತು. ನಿಮ್ಮ ಕರೆ ಬರದ ಜಾಗಕ್ಕೆ ನನ್ನ ಕರೆ ಹೇಗೆ ಬಂತು ಸರ್? ಅಷ್ಟೊತ್ತಿಗೆ ಅವರು ಸತ್ತು ಒಂದು ರಾತ್ರಿ ಕಳೆದಿತ್ತು. ಫೋನ್ ಆಗ ಈ ಅಡುಗೆಮನೆಯಲ್ಲಿ ಇರಲಿಲ್ಲ."

"ಕಿಟಕಿ ಚೀಲದಲ್ಲಿ ಇದ್ದಿರಬಹುದು" ಎಂದರು ತಮ್ಮ. ದನಿ ಸ್ವಲ್ಪ ಬೇಗ ಬಂತು.

"ಇರಲಿಲ್ಲ. ಠಾಣೆಗೆ ಫೋನ್ ಮಾಡಿದ್ದು ಆ ಚೀಲ ಹಿಡ್ಕೊಂಡೇ. ಖಾಲಿ ಇತ್ತು. ನಾನು ಬಂದ ಮೇಲೆ ಅಡುಗೆಮನೆಗೆ ಮೊದಲು ಹೋದವರು ನೀವು. ನೀರು ಕುಡಿಯೋಕೆ."

ಪೆಪ್ಪರ್‌ಮಿಂಟ್ ಅಗಿಯುವ ಸದ್ದು ನಿಂತಿತು.

"ಹನ್ನೊಂದು ನಿಮಿಷದ ಕರೆ ನೋಡಿ ಸರ್. ಆ ಕಿಟಕಿಯಲ್ಲಿ ನಿಂತು ಎರಡು ನಿಮಿಷ ಮಾತಾಡಿದ್ರೆ ಸಾಮಾನ್ಯವಾಗಿ ಕಡಿದುಹೋಗತ್ತೆ. ಈ ಪುಸ್ತಕದಲ್ಲಿ ಎರಡು ವರ್ಷದ ಎಲ್ಲ ಕರೆಗಳೂ ಇವೆ. ಎಲ್ಲಕ್ಕಿಂತ ಉದ್ದದ್ದು ನಾಲ್ಕು ನಿಮಿಷ ಹತ್ತು ಸೆಕೆಂಡು. ಹನ್ನೊಂದು ನಿಮಿಷ ಕಡಿಯದೆ ಮಾತಾಡೋಕೆ ಗುಡ್ಡದ ಮೇಲೇ ಇರಬೇಕು. ನಾನು ಹಸಿರು ಬಣ್ಣ ಹಚ್ಚಿರೋ ಜಾಗ ಅದು. ಅಲ್ಲಿ ಇವರ ಪ್ರೆಸ್ ಇದೆ."

"ಅಂದ್ರೆ?"

"ನಾಲ್ಕೂವರೆ ಸುಮಾರಿಗೆ ಇಲ್ಲಿ ಕೆಲಸ ಮುಗಿಸಿ, ಅಕ್ಕನ ಫೋನ್ ಜೇಬಿಗೆ ಹಾಕ್ಕೊಂಡು ಮೇಲೆ ಹೋದರು. ಐದು ಹನ್ನೆರಡಕ್ಕೆ ಜೇಬಿನೊಳಗೇ ಅಕ್ಕನ ಫೋನಿನ ಗುಂಡಿ ಒತ್ತಿದರು. ಇವರ ಫೋನ್ ರಿಂಗ್ ಆಯ್ತು. ನಾಲ್ಕು ಜನರ ಎದುರು ಹನ್ನೊಂದು ನಿಮಿಷ ಒಬ್ಬರೇ ಮಾತಾಡಿದರು. ಫೋನ್ ವಾಪಸ್ ಇಡೋಕೆ ಇವತ್ತು ನಿಮ್ಮ ಜೀಪಿನಲ್ಲೇ ಬಂದರು. ಸದ್ದು ಅಡಗಿಸಿದ್ದ ಫೋನು, ನನ್ನ ಕರೆ ಬಂದದ್ದು ಇವರಿಗೆ ಗೊತ್ತೇ ಆಗಲಿಲ್ಲ."

ತಮ್ಮ ಇನ್ಸ್‌ಪೆಕ್ಟರರ ಮುಖ ನೋಡಿದರು, ಆಮೇಲೆ ಅಡುಗೆಮನೆಯ ಕಡೆ.

"ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲ ಅಂತ ಯಾವಾಗ್ಲೂ ಹೇಳೋಳು" ಎಂದರು ಕೊನೆಗೆ. "ಅವಳ ಗೊಣಗಾಟ ಅಂದ್ಕೊಂಡಿದ್ದೆ. ಫೋನನ್ನ ಕಿಟಕಿ ಚೀಲದಲ್ಲಿ ಇಡೋದೂ ಅಂಥದ್ದೇ ಒಂದು ಅಭ್ಯಾಸ ಅಂದ್ಕೊಂಡೆ. ಒಬ್ಬಳೇ ಇರ್ತಾಳಲ್ಲ, ಏನೋ ಒಂದು ಹೇಳ್ತಾಳೆ ಅಂತ."

"ಯಾಕ್ರೀ ಹೊಡೆದ್ರಿ?"

"ಪ್ರೆಸ್ಸಲ್ಲಿ ಅರ್ಧ ಪಾಲು ಅವಳದು. ಮಾರೋಕೆ ಅವಳ ಸಹಿ ಬೇಕಿತ್ತು. ವರ್ಷದಿಂದ ಕೇಳ್ತಿದ್ದೆ. ಆಗಲ್ಲ ಅಂದ್ಲು. ಪ್ರೆಸ್ ಹೋದ್ರೆ ನನ್ನ ಮನೆಗೆ ಯಾರು ಬರ್ತಾರೆ, ಈಗ ಕರಡು ಕೊಡೋಕಾದ್ರೂ ಒಬ್ಬರು ಬಾಗಿಲು ತಟ್ತಾರೆ ಅಂದ್ಲು." ಅವರು ಕೈ ನೋಡಿಕೊಂಡರು. "ಅದಕ್ಕೆ ಏನು ಹೇಳೋದು ಗೊತ್ತಾಗಲಿಲ್ಲ. ಕೈಗೆ ಗುಂಡು ಸಿಕ್ತು."

ಅಕ್ಕನ ಮನೆಯಲ್ಲಿ ಎರಡು ವರ್ಷದಲ್ಲಿ ಒಂದು ಫೋನ್ ಕರೆಯಷ್ಟು ಹೊತ್ತು ಕೂತಿದ್ದರೂ ಅವರಿಗೆ ಸಿಗ್ನಲ್ ಇಲ್ಲದ್ದು ಗೊತ್ತಾಗುತ್ತಿತ್ತು. ಆಗ ಫೋನನ್ನು ಅಡುಗೆಮನೆಯಲ್ಲಿ ಇಡುತ್ತಿರಲಿಲ್ಲ. ನಮಗೆ ಯಾರಿಗೂ ಹಿಡಿಯಲಾಗುತ್ತಿರಲಿಲ್ಲ.

* * *

ಕೆಲಸದಾಕೆ ಮಗಳು ಶಾಲೆಯಿಂದ ಬರುವುದರೊಳಗೆ ಮನೆ ಸೇರಿದಳು. ಹೋಗುವಾಗ ಮೊಳೆಯಿಂದ ಆ ಬಟ್ಟೆಚೀಲ ತೆಗೆದುಕೊಳ್ಳಲಾ ಎಂದು ಕೇಳಿದಳು. ಇನ್ಸ್‌ಪೆಕ್ಟರ್ ನನ್ನ ಕಡೆ ನೋಡಿದರು. ತೆಗೆದುಕೊಳ್ಳಲಿ ಬಿಡಿ ಎಂದೆ.

"ಒಳ್ಳೆ ಕಣ್ಣು ನಿಮ್ಮದು" ಎಂದರು ಇನ್ಸ್‌ಪೆಕ್ಟರ್. "ಅಷ್ಟು ಪುಟದಲ್ಲಿ ಆ ನಾಲ್ಕು ನಿಮಿಷದ ಕರೆ ಅಷ್ಟು ಬೇಗ ಹೇಗೆ ಹುಡುಕಿದ್ರಿ?"

ನಾನು ಏನೋ ಹೇಳಿ ಜಾರಿಕೊಂಡೆ.

ಹುಡುಕಿರಲಿಲ್ಲ. ಅದು ನನ್ನ ಕರೆ. ಪುಸ್ತಕದಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ ಎಂದು ಅವರೇ ಆಗಾಗ ಹೇಳುತ್ತಿದ್ದರು. ಹೋದ ವರ್ಷದ ಒಂದು ಮಂಗಳವಾರ. ಕೇಳಿಸ್ತಿದೆಯಾ ಎಂದೆ, ಕೇಳಿಸ್ತಿದೆ ಎಂದರು. ಗುಂಡಿ ಒತ್ತುವಷ್ಟರಲ್ಲಿ, "ಸಿಗ್ನಲ್ ನಮ್ಮ ಬೀದಿಗೆ ಯಾಕೆ ಬರಲ್ಲ?" ಎಂದು ಕೇಳಿದರು. ಅವತ್ತು ನನಗೂ ಬೇರೆ ಕೆಲಸವಿರಲಿಲ್ಲ. ಗುಡ್ಡ ಅಡ್ಡ ಬರತ್ತೆ ಮೇಡಂ, ಮೇಲಿನವರಿಗೆಲ್ಲ ಸಿಕ್ಕಿ ತಗ್ಗಿನವರ ತಲೆ ಮೇಲಿಂದ ಹಾದುಹೋಗತ್ತೆ ಎಂದು ವಿವರಿಸಿದೆ. "ಹಾಗಾದ್ರೆ ಇಲ್ಲೇ ಮೇಲಿರತ್ತೆ, ನನಗೆ ಸಿಗಲ್ಲ ಅಷ್ಟೇ" ಎಂದು ನಕ್ಕರು. ಇನ್ನೇನೋ ಕೇಳಲು ಶುರುಮಾಡಿದರು, ಕರೆ ಕಡಿಯಿತು. ನಾನು ಮತ್ತೆ ಮಾಡಲಿಲ್ಲ. ಸದ್ಯ ಮುಗಿಯಿತಲ್ಲ ಎಂದುಕೊಂಡಿದ್ದೆ.

ಪುಸ್ತಕದಲ್ಲಿ ಆ ದಿನದ ಕೆಳಗೆ ಅವರ ಚೊಕ್ಕ ಅಕ್ಷರದಲ್ಲಿ ಹೀಗಿತ್ತು: ಕಂಪನಿಯವರು. ನಾಲ್ಕು ನಿಮಿಷ ಹತ್ತು ಸೆಕೆಂಡು. ಚೆನ್ನಾಗಿ ಕೇಳಿಸಿತು.

ಉಳಿದ ಮಂಗಳವಾರಗಳಲ್ಲೂ ಅದೇ ಮಾತು. ಒಂದೂವರೆ ನಿಮಿಷ, ಚೆನ್ನಾಗಿ ಕೇಳಿಸಿತು. ನಲವತ್ತು ಸೆಕೆಂಡು, ಚೆನ್ನಾಗಿ ಕೇಳಿಸಿತು.

ಅವರ ಕೊನೆಯ ದೂರು ಸೋಮವಾರ ಬೆಳಿಗ್ಗೆಯದು. ಅದು ನನ್ನ ಪಟ್ಟಿಯಲ್ಲಿ ಇನ್ನೂ ಇದೆ. ದೂರು ಕೊಟ್ಟವರು ಕೇಳಿಸುತ್ತಿದೆ ಎನ್ನುವವರೆಗೆ ಅದನ್ನು ಮುಗಿಸುವಂತಿಲ್ಲ, ಅದು ನಮ್ಮ ನಿಯಮ. ಆಫೀಸಿನ ಮೇಲಧಿಕಾರಿಗಳು ಎರಡು ಸಲ ಕೇಳಿದರು, ಇದೊಂದು ಯಾಕೆ ಬಾಕಿ ಎಂದು. ವಿಚಾರಿಸುತ್ತಿದ್ದೇನೆ ಎಂದೆ. ಮಂಗಳವಾರ ಹನ್ನೊಂದಕ್ಕೆ ಆ ನಂಬರಿಗೆ ಕರೆ ಮಾಡುತ್ತೇನೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ನಮ್ಮ ಕಂಪನಿಯ ದನಿ ಹೇಳುತ್ತದೆ. ಅದು ಹೇಳಿ ಮುಗಿಸುವ ತನಕ ಕೇಳಿಸಿಕೊಂಡು, ಆಮೇಲೆ ಫೋನ್ ಇಡುತ್ತೇನೆ.