ಎಂಜಿನ್ ಇಲ್ಲದ ಕಾರಿನ ಬೆಲೆ

ಮಾತಿನಲ್ಲಿ ನಾನು ಹುಲಿಯನ್ನೂ ಅಟ್ಟಿಸಿಕೊಂಡು ಹೋದವನೇ. ಆದರೆ ಹಳೆ ಕಾರಿಗೆ ಬೆಲೆ ಕಟ್ಟುವ ಕಾಗದದಲ್ಲಿ ಮಾತ್ರ ಒಂದಕ್ಷರ ಸುಳ್ಳು ಬರೆಯುವುದಿಲ್ಲ.

ಪರಿಚಯದ ಮೈಥಿಲಿ ಆಂಟಿಯ ಗಂಡ ತೀರಿಕೊಂಡ ಮೇಲೆ ಅವರ ಐವತ್ತು ವರ್ಷ ಹಳೆಯ, ಭಾರಿ ಎಂಜಿನ್ನಿನ ಅಮೆರಿಕನ್ ಮಸಲ್ ಕಾರು ಸಿಂಗಪುರದ ಬೂನ್ ಲೇ ಹತ್ತಿರದ ಗ್ಯಾರೇಜೊಂದರಲ್ಲಿತ್ತು. ಎರಡು ವಾರದ ಹಿಂದೆಯೇ ಎಂಜಿನ್ ಇಳಿಸಿ ಸ್ಟ್ಯಾಂಡಿನ ಮೇಲಿಟ್ಟಿದ್ದರು. ಕೊಳ್ಳಲು ಬಂದಿದ್ದ, ನನಗೆ ಆಗಾಗ ಕೆಲಸ ಕೊಡುವ ಕಾರು ವ್ಯಾಪಾರಿ ಗಿರಿಧರ್ ಮಧ್ಯಾಹ್ನ ನನ್ನ ಕಿವಿಯಲ್ಲಿ, "ಅಂಕಲ್, ಎಂಜಿನ್ ಒರಿಜಿನಲ್ ಅಲ್ಲ ಅಂತ ಬರೀರಿ, ಅರ್ಧ ರೇಟಿಗೆ ಸಿಗತ್ತೆ. ಆಂಟಿಗೇನ್ ಗೊತ್ತಾಗತ್ತೆ?" ಎಂದ.

ಎಂಜಿನ್ ನಂಬರನ್ನು ಗಾಡಿಯ ನೋಂದಣಿ ಪತ್ರದ ಜೊತೆ ಹೋಲಿಸಿದೆ. ಎರಡೂ ಒಂದೇ. "ಒರಿಜಿನಲ್ಲೇ ಕಣಯ್ಯಾ. ಹಂಗೇ ಬರೀತೀನಿ."

ಬಾನೆಟ್ ಎತ್ತಿದೆ. ಒಳಗೆ ಖಾಲಿ. ಆದರೆ ಆ ಖಾಲಿ ಜಾಗದಿಂದ, ದೂರ ಓಡಿ ಬಂದು ನಿಂತ ಗಾಡಿಯಲ್ಲಿ ಕಬ್ಬಿಣ ತಣಿಯುವಾಗ ಬರುವ ಟಿಕ್ ಟಿಕ್ ಸದ್ದು ಬರುತ್ತಿತ್ತು. ಡ್ರೈವರ್ ಸೀಟು ಮುಟ್ಟಿದೆ, ಯಾರೋ ಈಗಷ್ಟೇ ಎದ್ದುಹೋದಷ್ಟು ಬೆಚ್ಚಗಿತ್ತು.

ಗಿರಿಧರ್ ಬಾಗಿಲಿಗೆ ಸರಿದು ಸಿಂಗಪುರದ ಧಾಟಿಯಲ್ಲಿ ಕೂಗಿದ. "ಬನ್ನಿ ಲಾ, ಹೋಗೋಣ!"

"ನೀನು ಹೋಗು. ಯಾರೇ ಕೂತಿರ್ಲಿ, ಕೆಲಸ ಮುಗಿಸದೆ ನಾನು ಕದಲಲ್ಲ!"

ತುಕ್ಕು ನೋಡಲು ಹಿಂದೆ ಬಗ್ಗಿ ಸೈಲೆನ್ಸರ್ ಹಿಡಿದೆ. ಅಂಗೈ ಚುರ್ ಎಂದಿತು.

ಎಡಗೈಯಲ್ಲೇ ಪೂರ್ತಿ ಬೆಲೆ ಬರೆದು ಸಹಿ ಹಾಕಿ, ಕಾಗದವನ್ನು ಆಂಟಿಗೆ ಕೊಟ್ಟೆ. ಗಿರಿಧರ್ ಇನ್ನು ಮೇಲೆ ನನಗೆ ಕೆಲಸ ಕೊಡುವುದಿಲ್ಲವಂತೆ, ಬೇಡ ಬಿಡಿ.

ಕಾರಿನ ಸೈಲೆನ್ಸರ್ ಸುಟ್ಟಿದ್ದು ಎಂದಾಗ, ಕ್ಲಿನಿಕ್ಕಿನ ಡಾಕ್ಟರಮ್ಮ ಅಂಗೈಯ ಬೊಬ್ಬೆಗೆ ಮುಲಾಮು ಹಚ್ಚುತ್ತಾ, ಗಾಡಿ ಎಷ್ಟು ಹೊತ್ತು ಓಡಿತ್ತು ಎಂದು ಕೇಳಿದರು.