ಕ್ಯಾಥ್ ಲ್ಯಾಬಿನ ಕನ್ನಡ

ಮುಂಬಯಿ ಪಕ್ಕದ ಠಾಣೆಯ ಒಂದು ಆಸ್ಪತ್ರೆಯ ಕ್ಯಾಥ್ ಲ್ಯಾಬಿನಲ್ಲಿ ಒಳ್ಳೆಯ ಸುದ್ದಿಯನ್ನು ಯಾವ ಭಾಷೆಯಲ್ಲಾದರೂ ಹೇಳಬಹುದಿತ್ತು, ಕೆಟ್ಟ ಸುದ್ದಿಗೆ ಮಾತ್ರ ಕನ್ನಡ. ಅಲ್ಲಿ ಹೃದಯದ ನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಬಲೆಕೊಳವೆ ಹಾಕುವಾಗ ಪೇಶಂಟಿಗೆ ನಿದ್ದೆ ಬರಿಸುವುದಿಲ್ಲ. ಮಣಿಕಟ್ಟಿನ ಹತ್ತಿರ ಮರಗಟ್ಟಿಸುವ ಒಂದು ಇಂಜೆಕ್ಷನ್ ಚುಚ್ಚಿದರೆ ಮುಗಿಯಿತು, ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಾರೆ. ಹಿಂದೊಮ್ಮೆ ಮುಂಬ್ರಾದ ಹೆಂಗಸೊಬ್ಬರು ಡಾಕ್ಟರ ಬಾಯಲ್ಲಿ ‘ಸೀರಿಯಸ್’ ಎಂಬ ಮಾತು ಕೇಳಿ ಟೇಬಲ್ಲಿನ ಮೇಲೆಯೇ ಎದ್ದು ಕೂತುಬಿಟ್ಟಿದ್ದರು. ಅಂದಿನಿಂದ ಡಾಕ್ಟರ್ ಸುಮೇಧಾ ಮತ್ತು ಡಾಕ್ಟರ್ ಮಯೂರ್ ಗಾಬರಿಯ ಮಾತನ್ನೆಲ್ಲ ಕನ್ನಡದಲ್ಲೇ ಆಡುವುದೆಂದು ನಿಯಮ ಮಾಡಿಕೊಂಡರು. ಲ್ಯಾಬಿನಲ್ಲಿ ಉಳಿದವರು ಮರಾಠಿಗಳು, ಮಲಯಾಳಿಗಳು. ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಅವಳದು ಡೊಂಬಿವಲಿಯಲ್ಲಿ ಬೆಳೆದ ಉಡುಪಿಯ ಕನ್ನಡ, ಅವನದು ಬಾಗಲಕೋಟೆಯದು. ಅವಳು ‘ಎಂಥದು’ ಎಂದರೆ ಮಾಸ್ಕಿನ ಮೇಲೆ ಅವನ ಕಣ್ಣು ನಗುತ್ತಿತ್ತು. ಅವನು ‘ಹೌದ್ರಿ’ ಎಂದು ಎಳೆದರೆ ಅವಳ ಹುಬ್ಬು ಒಂದಿಷ್ಟು ಮೇಲೇರಿ, ಯಾರಾದರೂ ನೋಡಿಯಾರೆಂದು ಕೂಡಲೇ ಇಳಿಯುತ್ತಿತ್ತು.

ಕೆಟ್ಟ ಸುದ್ದಿ ದಿನಾ ಬರುವುದಿಲ್ಲವಲ್ಲ. ಬಳಸದೆ ಉಳಿದ ಕನ್ನಡ ಕ್ರಮೇಣ ಚಹಾಕ್ಕೆ, ಲೋಕಲ್ ಟ್ರೇನಿನ ರಶ್ಶಿಗೆ, ಸುಮೇಧಾಳ ತಾಯಿ ತರುತ್ತಿದ್ದ ಗಂಡುಗಳ ಸುದ್ದಿಗೆ ಹರಿಯಿತು. ಗಂಡುಗಳ ಸುದ್ದಿ ಬಂದಾಗ ಮಾತ್ರ ಮಯೂರ್ ಬಹಳ ಶ್ರದ್ಧೆಯಿಂದ ಮಾನಿಟರ್ ನೋಡುತ್ತಿದ್ದ. ಇಬ್ಬರೂ ಅಳೆದು ಸುರಿದು ಮಾತಾಡುವವರು. ಹೀಗೇ ಬಿಟ್ಟಿದ್ದರೆ ನಿವೃತ್ತಿಯಾಗುವ ತನಕ ಅಳೆಯುತ್ತಲೇ ಇರುತ್ತಿದ್ದರು.

ಆ ಮಂಗಳವಾರ ಟೇಬಲ್ಲಿನ ಮೇಲೆ ಮಲಗಿದವರು ಕಲ್ಯಾಣದ ಧರ್ಮಪಾಲ್, ಬೇಲಾಪುರದ ಸರಕಾರಿ ಆಫೀಸಿನಿಂದ ನಿವೃತ್ತರಾದವರು. ಹೆಸರು ಮರಾಠಿಯವರಲ್ಲೂ ಇರುವಂಥದು, ಮಾತು ಅಪ್ಪಟ ಮರಾಠಿ. ಒಪ್ಪಿಗೆಗೆ ಸಹಿ ಹಾಕಿದ ಮಗಳು ಶ್ರದ್ಧಾ ಕೂಡ ಮರಾಠಿಯಲ್ಲೇ ಮಾತಾಡಿದ್ದಳು. ಮೂಲ ಊರು ಯಾವುದೆಂದು ಯಾರಿಗೂ ಕೇಳಬೇಕೆನಿಸಲಿಲ್ಲ.

ಅವರ ಹೃದಯದ ರಕ್ತನಾಳ ಒಳಗೆ ಸುಣ್ಣ ಕಟ್ಟಿ ಗಟ್ಟಿಯಾಗಿತ್ತು. ಒಂದು ಉಪಕರಣ ಹೊಂದಿಸಲು ಟೆಕ್ನಿಶಿಯನ್ ಸ್ವಲ್ಪ ಸಮಯ ಕೇಳಿದ. ಕಾಯುವ ಹೊತ್ತಿನಲ್ಲಿ ಮಯೂರ್, ನವಿ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ತನಗೆ ಕೆಲಸ ಸಿಕ್ಕಿತೆಂದೂ ಮುಂದಿನ ತಿಂಗಳು ಸೇರಬೇಕೆಂದೂ ಕನ್ನಡದಲ್ಲಿ ಹೇಳಿದ. ಸುಮೇಧಾ ಕಾಂಗ್ರಾಟ್ಸ್ ಎಂದಳು.

“ಅಷ್ಟ ಏನ್ರಿ?”

“ಮತ್ತೆಂಥ ಹೇಳ್ಬೇಕಿತ್ತು?”

“ಇಲ್ಲೇ ಇರ್ರಿ ಅಂದ್ರ ಇರ್ತೀನ್ರಿ. ಯಾಕಂತ ನಿಮಗ ಗೊತ್ತೈತಿ.”

ಅವಳ ಕಿವಿ ಬಿಸಿಯಾಯಿತು. ಗೊತ್ತಿತ್ತು. ಗೊತ್ತಿದ್ದದ್ದನ್ನು ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡೂ ಇದ್ದಳು. ಅಷ್ಟರಲ್ಲಿ ಟೆಕ್ನಿಶಿಯನ್ ರೆಡಿ ಎಂದ. “ಮೊದಲು ಕೆಲಸ,” ಎಂದು ಅವಳು ಟೇಬಲ್ಲಿನತ್ತ ತಿರುಗಿದಳು.

ಸ್ಟೆಂಟ್ ಸರಾಗವಾಗಿ ಕೂತಿತು. ಅದು ನಾಳದ ಗೋಡೆಗೆ ಚೆನ್ನಾಗಿ ಅಂಟಲೆಂದು ಪುಟ್ಟ ಬಲೂನೊಂದನ್ನು ಒಳಗೆ ಒಯ್ದು ಉಬ್ಬಿಸಿ ಇಳಿಸಿದ್ದಾಯಿತು. ಬಲೂನನ್ನು ಪೂರ್ತಿ ಹೊರಗೆಳೆಯುವ ಮೊದಲು ಬಣ್ಣದ ದ್ರವ ಬಿಟ್ಟು ಒಮ್ಮೆ ನೋಡುವುದು ಸುಮೇಧಾಳ ಕ್ರಮ. ನೋಡಿದಳು. ಪರದೆಯ ಮೇಲೆ ಬಣ್ಣ ನಾಳದ ಅಂಚು ದಾಟಿ ಹೊರಗೆ ಹರಡುತ್ತಿತ್ತು.

“ಹರಿದಿದೆ,” ಎಂದಳು, ಚಹಾ ಆರಿದೆ ಎನ್ನುವ ದನಿಯಲ್ಲಿ.

“ದೊಡ್ಡದೈತ್ರಿ. ಬಲೂನ್ ವಾಪಸ್ ಒಯ್ರಿ.”

ಅವಳ ಕೈ ಆಗಲೇ ಒಯ್ಯುತ್ತಿತ್ತು. ಹರಿದ ಜಾಗದಲ್ಲೇ ಬಲೂನು ಮತ್ತೆ ಉಬ್ಬಿ ತೂತನ್ನು ಮುಚ್ಚಿ ಕೂತಿತು. ರಕ್ತ ಸೋರುವುದು ನಿಂತಿತು. ಆದರೆ ಅಷ್ಟರಲ್ಲೇ ಸೋರಿದ ರಕ್ತ ಹೃದಯದ ಸುತ್ತ ಸೇರಿ ಅದನ್ನು ಅಮುಕತೊಡಗಿತ್ತು. ಬಿಪಿ ಇಳಿಯಿತು. ಸುಮೇಧಾ ಬಗ್ಗಿ, ಕಾಕಾ ನೋವಾಗುತ್ತಿದೆಯೇ ಎಂದು ಮರಾಠಿಯಲ್ಲಿ ಕೇಳಿದಳು. ಸ್ವಲ್ಪ ಎಂದು ಅವರೂ ಮರಾಠಿಯಲ್ಲೇ ಹೇಳಿ, ಮುಖ ಬಿಳುಚಿಕೊಂಡು ಅಲುಗಾಡದೆ ಮಲಗಿದರು.

“ಎದಿಗೆ ಸೂಜಿ ಹಾಕಿ ರಕ್ತ ತೆಗೀತೀನ್ರಿ. ನೀವು ಬಲೂನ್ ಇಳಿಸಬ್ಯಾಡ್ರಿ.”

“ಇಳಿಸುದಿಲ್ಲ.”

ಮುಂದೆ ಅವರು ಆಡಿದ್ದು ನಾಲ್ಕಾರು ಮಾತು. ಮಯೂರ್ ಸ್ಕ್ಯಾನ್ ನೋಡುತ್ತ ಎದೆಯ ಕೆಳಗಿನಿಂದ ಸೂಜಿ ಇಳಿಸಿ ರಕ್ತ ಹೊರತೆಗೆದ. ಬಿಪಿ ಮೆಲ್ಲಗೆ ಏರಿತು. ಆಮೇಲೆ ತೊಡೆಯ ಸಂದಿನಿಂದ ಎರಡನೆಯ ದಾರಿ ಮಾಡಿ, ಮೈಮೇಲೆ ತೆಳು ಹೊದಿಕೆಯಿರುವ ಇನ್ನೊಂದು ಸ್ಟೆಂಟನ್ನು ಹತ್ತಿರ ತಂದ. ಅವಳು ಬಲೂನು ಇಳಿಸಿ ಹಿಂದಕ್ಕೆಳೆದಳು, ಅವನು ಆ ಜಾಗಕ್ಕೆ ಸ್ಟೆಂಟ್ ನುಗ್ಗಿಸಿ ಅರಳಿಸಿದ. ಮತ್ತೆ ಬಣ್ಣ ಬಿಟ್ಟು ನೋಡಿದರು. ಬಣ್ಣ ಅಂಚು ದಾಟದೆ ನೆಟ್ಟಗೆ ಹರಿದುಹೋಯಿತು.

ಸುಮೇಧಾ ಹೊರಗೆ ಹೋಗಿ ಶ್ರದ್ಧಾಳಿಗೆ ಏನನ್ನೂ ಮುಚ್ಚಿಡದೆ ಹೇಳಿದಳು: ನನ್ನ ಬಲೂನು ಉಬ್ಬಿದಾಗ ನಾಳ ಹರಿಯಿತು, ಮುಚ್ಚಿದ್ದೇವೆ, ಎರಡು ದಿನ ಐಸಿಯುನಲ್ಲಿಟ್ಟು ನೋಡಬೇಕು. ಒಳಗೆ ಬಂದು ಮಾಸ್ಕ್ ಬಿಚ್ಚಿ ನೇರ ಮಾನಿಟರಿನ ಮುಂದೆ ಕೂತಳು.

ಚಿಕಿತ್ಸೆಯ ರೆಕಾರ್ಡಿಂಗ್ ಅನ್ನು ಇಬ್ಬರೂ ಸೇರಿ ನೋಡಿದರು. ಬಲೂನಿನ ಸೈಜ್ ಸರಿ, ಪ್ರೆಶರ್ ಸರಿ. ಸುಣ್ಣದ ಚೂಪು ತುದಿಯೊಂದು ಗೋಡೆಗೆ ಚುಚ್ಚಿಕೊಂಡಿತ್ತು, ಇಂಥ ನಾಳದಲ್ಲಿ ಯಾರ ಕೈಯಲ್ಲೂ ಆಗಬಹುದಾದದ್ದು. ಅವಳ ತಲೆ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಅವನು ಆ ಮಾತು ಆಡಿದ್ದ, ಇವಳ ಕಿವಿ ಬಿಸಿಯಾಗಿತ್ತು, ಅದರ ಬೆನ್ನಿಗೇ ಒಬ್ಬ ಮನುಷ್ಯನ ಹೃದಯ ಸೋರಿತ್ತು. ಅವಳಿಗೆ ತಲೆಯೆತ್ತಿ ಅವನನ್ನು ನೋಡಲಾಗಲಿಲ್ಲ.

“ನೀವು ಹೋಗುದೇ ಒಳ್ಳೇದು,” ಎಂದಳು.

“ಆತ್ರಿ,” ಎಂದು ಮಯೂರ್ ಎದ್ದುಹೋದ. ಎಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ಅವಳಿಗೆ ತಾನು ಬೇಡ ಎಂದೇ ಅವನು ಅರ್ಥ ಮಾಡಿಕೊಂಡ. ಅವನನ್ನು ತಪ್ಪೆನ್ನುವಂತಿಲ್ಲ, ಅವಳು ಹೇಳಿದ್ದೇ ಹಾಗಿತ್ತು.

ಮರುದಿನ ಬೆಳಿಗ್ಗೆ ರೌಂಡಿಗೆ ಹೋದಾಗ ಧರ್ಮಪಾಲ್ ದಿಂಬಿಗೊರಗಿ ಕೂತಿದ್ದರು. ಸುಮೇಧಾ ಮರಾಠಿಯಲ್ಲಿ ವಿಚಾರಿಸಿದಳು. ಅವರು ಕನ್ನಡದಲ್ಲಿ ಉತ್ತರಿಸಿದರು.

“ಈಗ ಅಡ್ಡಿಲ್ಲ ಡಾಕ್ಟ್ರೇ. ನಮ್ದು ಕಾರ್ಕಳ ಹತ್ರ.”

ನಿನ್ನೆ ಎಲ್ಲ ಕೇಳಿಸಿತೇ ಎಂದು ಅವಳೂ ಕನ್ನಡದಲ್ಲೇ ಕೇಳಿದಳು.

“ಕಿವಿಗೆ ನೀವು ಇಂಜೆಕ್ಷನ್ ಕೊಟ್ಟಿರ್ಲಿಲ್ಲ ಅಲ್ವಾ?”

ಅವಳು ಕ್ಷಮೆ ಕೇಳಿದಳು, ಹರಿದದ್ದಕ್ಕೂ, ಅದಕ್ಕೆ ಮೊದಲಿನ ಮಾತಿಗೂ. ಧರ್ಮಪಾಲ್ ಕೈ ಎತ್ತಿ ತಡೆದರು. ಹರಿದಿದೆ ಎಂದು ಕೇಳಿದಾಗ ಕೈಕಾಲು ತಣ್ಣಗಾದದ್ದು ನಿಜವಂತೆ. ಆದರೆ ಇಬ್ಬರು ಡಾಕ್ಟರುಗಳ ಸ್ವರವೂ ಏರಲಿಲ್ಲ, ಹಾಗಿರುವಾಗ ತಾನು ಒದ್ದಾಡಿ ಅವರ ಕೈ ಕೆಡಿಸುವುದು ಬೇಡವೆಂದು ಸುಮ್ಮನೆ ಮಲಗಿದರಂತೆ. ಇಷ್ಟು ಹೇಳಿ, ಆ ಡಾಕ್ಟರಿಗೆ ಉತ್ತರ ಕೊಟ್ಟಾಯಿತೇ ಎಂದು ಕೇಳಿದರು.

ಹೋಗಿ ಎಂದುಬಿಟ್ಟೆ, ಅಲ್ಲಿ ಆ ಮಾತೇ ಆಗಬಾರದಿತ್ತು, ನನ್ನ ಗಮನ ತಪ್ಪಿತೋ ಏನೋ, ಎಂದಳು ಸುಮೇಧಾ.

“ತಪ್ಪಲಿಲ್ಲ. ನಾನು ನಿಮ್ಮ ಮುಖವನ್ನೇ ನೋಡ್ತಾ ಇದ್ದದ್ದು, ಬೇರೆ ನೋಡ್ಲಿಕ್ಕೆ ಎಂಥ ಇತ್ತು ಅಲ್ಲಿ? ಕೆಲಸ ಶುರುವಾದ ಮೇಲೆ ನೀವು ಅವ್ರ ಕಡೆ ತಿರುಗ್ಲಿಲ್ಲ, ಅವ್ರೂ ನಿಮ್ಮ ಕಡೆ ತಿರುಗ್ಲಿಲ್ಲ. ಹರಿದದ್ದು ನನ್ನ ನರ ಡಾಕ್ಟ್ರೇ. ಶಿಕ್ಷೆ ಅವ್ರಿಗೆ ಕೊಡುದು ಎಂಥ ನ್ಯಾಯ?”

ಸುಮೇಧಾಳ ಕಣ್ಣು ತುಂಬಿತು. ಅವಳು ಚಾರ್ಟ್ ನೋಡುವ ನೆವದಲ್ಲಿ ತಲೆ ತಗ್ಗಿಸಿದಳು. ಧರ್ಮಪಾಲ್ ದೊಡ್ಡ ಮನಸ್ಸು ಮಾಡಿ ಕಿಟಕಿಯ ಕಡೆ ಮುಖ ತಿರುಗಿಸಿದರು.

ಡಾಕ್ಟರುಗಳ ಕೋಣೆಯಲ್ಲಿ ಮಯೂರ್ ಒಬ್ಬನೇ ವಡಾಪಾವಿನ ಪೇಪರ್ ಬಿಚ್ಚುತ್ತಿದ್ದ. ಧರ್ಮಪಾಲ್ ಕನ್ನಡದವರು ಎಂದಳು. ಅವನು ವಡಾಪಾವ್ ಕೆಳಗಿಟ್ಟ. ಎಲ್ಲ ಕೇಳಿದ್ದಾರೆ, ನಮ್ಮ ತಪ್ಪಿಲ್ಲವೆಂದರು, ಎಂದೂ ಹೇಳಿದಳು. ಅವನ ಹೆಗಲು ಸಡಿಲಾಯಿತು.

“ನೀವು ಆ ಕೆಲಸ ತಗೊಳ್ಳಿ, ಮಯೂರ್.”

“ನಿನ್ನೆನ ಹೇಳೀರಲ್ರಿ. ತಗೋತೀನಿ.”

“ನಿನ್ನೆ ಹೇಳಿದ್ದು ಬೇರೆ. ಮದುವೆಯಾದ ಮೇಲೆ ಒಂದೇ ಟೇಬಲಿಗೆ ನಿಲ್ಲುದು ನನ್ನಿಂದ ಆಗುದಿಲ್ಲ. ಅದಕ್ಕೆ ತಗೊಳ್ಳಿ.”

ಅವನು ನಿಧಾನವಾಗಿ ತಲೆಯೆತ್ತಿದ. ಮಾಸ್ಕಿಲ್ಲದ ಆ ಮುಖದಲ್ಲಿ ಕಣ್ಣು ತುಂಬುವ ಮೊದಲೇ ಬಾಯಿ ನಡುಗಿದ್ದು ಅವಳಿಗೆ ಕಂಡಿತು.

“ಯಾರ ಮದುವಿರಿ?”

“ನಮ್ದು. ನಂಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ.”

ಮಯೂರ್ ಕಣ್ಣೊರೆಸಿಕೊಂಡ. ಆಮೇಲೆ, ಐರೋಲಿಯಲ್ಲಿ ಮನೆ ಹಿಡಿದರೆ ಅವಳಿಗೆ ಠಾಣೆಯೂ ಹತ್ತಿರ, ತನಗೆ ಹೊಸ ಆಸ್ಪತ್ರೆಯೂ ಹತ್ತಿರ, ಸ್ಟೇಷನ್ ಪಕ್ಕ ಫ್ಲ್ಯಾಟುಗಳ ಒಂದು ಸೊಸೈಟಿ ಇದೆ, ನೀರಿನ ತೊಂದರೆಯಿಲ್ಲ ಎಂದು ಶುರುಮಾಡಿದ. ಸುಮೇಧಾ ಅವನನ್ನೇ ನೋಡಿದಳು.

“ಇದನ್ನೆಲ್ಲ ಯಾವಾಗ ಯೋಚನೆ ಮಾಡಿದ್ದು?”

“ಈ ಕೆಲಸಕ್ಕ ಅರ್ಜಿ ಹಾಕೋಕಿಂತ ಮೊದಲ,” ಎಂದ ಮಯೂರ್. “ಮನಿ ನೋಡಿ ಬಂದ ಮ್ಯಾಲೆ ಅರ್ಜಿ ಹಾಕೀನ್ರಿ.”

ಸುಮೇಧಾ ಎದುರಿನ ಕುರ್ಚಿ ಬಿಟ್ಟು ಅವನ ಪಕ್ಕದ್ದರಲ್ಲಿ ಕೂತಳು.