ಆ ಕಡೆಯಿಂದ ತೆರೆದ ಬಾಗಿಲು

ನಾಸಿಕ್‌ನ ಆಫೀಸಿನಲ್ಲಿ ಎಲ್ಲರೂ ಅಶ್ವಿತಾಳಿಗಾಗಿ ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿಗೇ ಅವಳ ಮೊಬೈಲ್ ರಿಂಗಾಯಿತು. ತೆರೆಯ ಮೇಲೆ ಅಮರನ ಹೆಸರಿತ್ತು.

ಬೆಳಗಿನಿಂದ ಸಂಭಾಜಿನಗರದ ಸರ್ವರ್‌ ಜೊತೆಗಿನ ಸಂಪರ್ಕ ಕಡಿದುಹೋಗಿತ್ತು. ದಿಂಡೋರಿಯ ದ್ರಾಕ್ಷಿ ಹೊತ್ತ ಲಾರಿಗಳು ಬಿಲ್ಲಿಲ್ಲದೆ ಗೋದಾಮಿನ ಮುಂದೆ ಸಾಲುಗಟ್ಟಿದ್ದವು. ಸಂಭಾಜಿನಗರದ ಕಡೆಯನ್ನು ನೋಡಿಕೊಳ್ಳುತ್ತಿದ್ದವನು ಅಮರ. ಅಶ್ವಿತಾ ಫೋನ್ ಮಾಡಿದರೆ ಎರಡು ಸಲ ರಿಂಗಾಗಿ ಕಟ್ಟಾಯಿತು. ಅವಳಿಗೆ ಸಿಟ್ಟು ಬಂತು. ತಾನೇ ಕುಳಿತು, ನಾಸಿಕ್ ಕಡೆಯ ಸರ್ವರ್‌ ಅನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದಳು. ಸ್ವಲ್ಪ ಹೊತ್ತಿನಲ್ಲೇ ಸಂಪರ್ಕ ಬಂತು, ಮಧ್ಯಾಹ್ನದ ಹೊತ್ತಿಗೆ ಕೊನೆಯ ಲಾರಿಯೂ ಹೊರಟಿತು. ಮ್ಯಾನೇಜರ್ ರಘೋತ್ತಮ ಎದ್ದು ನಿಂತು, "ಶಾಬಾಶ್ ಅಶ್ವಿತಾ. ಅಮರ್ ಬರೋದನ್ನ ಕಾಯದೆ ಕೆಲಸ ಮುಗಿಸಿದೆ" ಎಂದರು.

ಸಂಪರ್ಕ ಬಂದ ಕೂಡಲೇ, ಗೆದ್ದ ಹೆಮ್ಮೆಯಲ್ಲಿ ಅವಳು ಅಮರನಿಗೆ ಒಂದು ಸಾಲು ಕಳಿಸಿದ್ದಳು: "ನೋಡಿದ್ರಾ? ನೀವಿಲ್ಲದೆಯೂ ನಡೀತದೆ."

ಈಗ ಫೋನ್ ಹಿಡಿದು ಕಿಟಕಿಯ ಬಳಿ ಹೋದಳು. ನಗು ತಡೆದುಕೊಂಡು, "ಈಗ ನೆನಪಾಯ್ತಾ ಸಾಹೇಬರಿಗೆ?" ಎಂದಳು.

ಆ ಕಡೆ ಮಾತಾಡಿದ್ದು ಅಮರನಲ್ಲ, ವೈಜಾಪುರದ ಒಬ್ಬ ಪೊಲೀಸ. ಮೆಲ್ಲನೆ, ಮರಾಠಿಯಲ್ಲಿ, ರಸ್ತೆಯಲ್ಲಿ ಅಪಘಾತವಾಗಿದೆ, ಜೀವ ಉಳಿಯಲಿಲ್ಲ ಎಂದ. ಸರ್ವರ್‌ಗೆ ಬೀಗದ ಮೇಲೆ ಬೀಗ ಹಾಕುತ್ತಿದ್ದ ಅಮರ ತನ್ನ ಫೋನಿಗೆ ಮಾತ್ರ ಎಂದೂ ಲಾಕ್ ಹಾಕಿದವನಲ್ಲ. "ಇದರಲ್ಲಿ ಕೊನೆಯ ಕಾಲ್ ನಿಮ್ಮದೇ ಇತ್ತು, ಅದಕ್ಕೇ ನಿಮಗೆ ಹಚ್ಚಿದೆ. ನೀವು ಅವರಿಗೆ ಏನಾಗಬೇಕು?" ಎಂದು ಪೊಲೀಸ ಕೇಳಿದ.

ಮರುದಿನ ಕೇಳಿದ್ದರೆ ಅಶ್ವಿತಾಳ ಬಳಿ ಬಹುಶಃ ಬೇರೆ ಉತ್ತರವಿರುತ್ತಿತ್ತು. ಅಮರ ಅಂದು ನಾಸಿಕ್‌ಗೆ ಹೊರಟಿದ್ದೇ ಅವಳ ತಂದೆಯ ಹತ್ತಿರ ಮದುವೆಯ ಮಾತಾಡಲು.

"ಆಫೀಸಿನವಳು" ಎಂದಳು.

*

ಅವರ ಪ್ರೀತಿ ಬೆಳೆದದ್ದು ಹೆಡ್‌ಫೋನಿನಲ್ಲಿ. ಸಂಪರ್ಕ ಕಡಿದಾಗಲೆಲ್ಲ ಇವಳು ಈ ಕಡೆ, ಅವನು ಆ ಕಡೆ. ಅಶ್ವಿತಾಳದು ಉಡುಪಿಯ ಕಡೆಯ ಮನೆತನ. ತಂದೆ ಹರಿದಾಸ ನಾಸಿಕ್‌ನಲ್ಲಿ ಸಸ್ಯಾಹಾರಿ ಹೋಟೆಲ್ ನಡೆಸುತ್ತಿದ್ದರು. ಅಮರನ ಮನೆಯವರು ಬೀದರ್‌ನಿಂದ ಬಂದು ಸಂಭಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಇಬ್ಬರ ಕನ್ನಡವೂ ಒಬ್ಬರಿಗೊಬ್ಬರಿಗೆ ನಗೆಯ ವಸ್ತುವಾಗಿತ್ತು.

"ಸ್ಕ್ರೀನ್ ಮ್ಯಾಲ ಏನ್ ಬರ್ಲತ್ತದರಿ?" ಎಂದು ಮೊದಲ ದಿನ ಅವನು ಕೇಳಿದಾಗ, "ಎಂಥ ಬರ್ಲತ್ತದೆ?" ಎಂದು ಇವಳು ನಕ್ಕಿದ್ದಳು. "ಕನೆಕ್ಷನ್ ರೆಫ್ಯೂಸ್ಡ್ ಅಂತ ಉಂಟು."

"ಹಂಗಾದ್ರ ಖುಷಿ ಪಡ್ರಿ."

"ಬೇಡ ಅಂತ ಹೇಳಿದ್ರೂ ಖುಷಿಯಾ?"

"ಹೌದ್ರಿ. ಬ್ಯಾಡ ಅಂತ ಹೇಳ್ಲಿಕ್ಕಿ ಆ ಕಡಿ ಯಾರೋ ಅದಾರ ಅಂತ ಆಯ್ತಲ್ಲ. ಟೈಮ್‌ಔಟ್ ಅಂತ ಬಂದ್ರ ಕೆಟ್ಟದ್ದು. ಎಷ್ಟು ಕರದ್ರೂ ಓ ಅನ್ನೋರ ಇರಲ್ಲ."

"ನಾನು ನಿಮಗೆ ಬೇಡ ಅಂದ್ರೆ?" ಎಂದು ಅವಳು ಎಷ್ಟೋ ತಿಂಗಳಾದ ಮೇಲೆ ಕೇಳಿದ್ದಳು.

"ಆಗೂ ಖುಷಿ ಪಡ್ತೀನ್ರಿ. ಆ ಕಡಿ ನೀವೇ ಅದೀರಲ್ಲ."

ಒಮ್ಮೆ ಟ್ರೇನಿಂಗ್‌ಗೆಂದು ನಾಸಿಕ್‌ಗೆ ಬಂದವನು ಅವಳ ತಂದೆಯ ಹೋಟೆಲಿನಲ್ಲೇ ಊಟಕ್ಕೆ ಕುಳಿತ. ಗಲ್ಲಾದ ಹಿಂದೆ ನಿಂತಿದ್ದ ಅಶ್ವಿತಾ ಅವನನ್ನು ಕಂಡೂ ಕಾಣದವಳಂತೆ ನೋಟು ಎಣಿಸಿದಳು. ಅವನು ಸಾಂಬಾರಿನ ಬಟ್ಟಲಿನ ಮೇಲಿಂದ ಕಣ್ಣೆತ್ತಿ ನೋಡಿದ. ಅವಳ ಎಣಿಕೆ ತಪ್ಪಿತು. ಅವನು ಕಣ್ಣು ತಗ್ಗಿಸಿ, ಬಟ್ಟಲಿಗೇ ಹೇಳುವಂತೆ, "ಸಾಂಬಾರ್ ಭಾಳ ಸಿಹಿ ಅದರಿ" ಎಂದ. ಹರಿದಾಸರು, "ಬೆಲ್ಲ ಜಾಸ್ತಿ ಆಯಿತಾ ಮಾರಾಯ್ರೆ?" ಎಂದು ಗಾಬರಿಯಾದರು. ಅವಳು ನಗು ತಡೆಯಲಾಗದೆ ಅಡುಗೆಮನೆಗೆ ಓಡಿದಳು.

ಆಫೀಸಿನಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಶುಕ್ರವಾರದ ಮೀಟಿಂಗಿನಲ್ಲಿ ಒಬ್ಬೊಬ್ಬರೂ ಆ ವಾರ ತಮಗೆ ನೆರವಾದವರ ಹೆಸರು ಹೇಳಿ ಶಾಬಾಶ್ ಅನ್ನಬೇಕು. ಎಲ್ಲರೂ ಅಮರನ ಹೆಸರು ಹೇಳುತ್ತಿದ್ದರು. ಅಶ್ವಿತಾ ಮಾತ್ರ ಎಂದೂ ಹೇಳಿದವಳಲ್ಲ. ಹೇಳಿದರೆ ದನಿಯೇ ಗುಟ್ಟು ಬಿಟ್ಟುಕೊಟ್ಟೀತು ಎಂಬ ಅಂಜಿಕೆ.

"ನಿಮ್ಮ ಒಂದ್ ಶಾಬಾಶ್ ಉದ್ರಿ ಬಾಕಿ ಅದ ನೋಡ್ರಿ" ಎಂದು ಅವನು ಛೇಡಿಸುತ್ತಿದ್ದ.

"ಮದುವೆ ಆದ ಮೇಲೆ" ಎಂದು ಅವಳು ಬಾಯಿ ಜಾರಿ ಅಂದುಬಿಟ್ಟಿದ್ದಳು. ಅಂದೇ ಅವನು ಅವಳ ತಂದೆಯನ್ನು ಕಾಣಲು ಹೊರಡುವ ದಿನ ಗೊತ್ತು ಮಾಡಿದ.

*

ಸಂಭಾಜಿನಗರದಲ್ಲಿ ಅಮರನನ್ನು ಅವರ ಪದ್ಧತಿಯಂತೆ ವಿಭೂತಿ ಹಚ್ಚಿ, ಕುಳ್ಳಿರಿಸಿ ಸಮಾಧಿ ಮಾಡಿದರು. ಆಫೀಸಿನವರ ಸಾಲಿನಲ್ಲಿ ನಿಂತಿದ್ದ ಅಶ್ವಿತಾ ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿದಳು. ಅವಳಿಗೆ ಎಲ್ಲರಿಗಿಂತ ಹೆಚ್ಚು ಅಳುವ ಹಕ್ಕೂ ಇರಲಿಲ್ಲ.

ಹಿಂದೆ ಯಾರೋ ಬಂಧು ಹೇಳುತ್ತಿದ್ದ: "ಗಾಡಿ ಹೊಡೀತಾ ಫೋನ್ ನೋಡಿರ್ಬೇಕು. ಈಗಿನ ಹುಡುಗ್ರು ಕೇಳ್ತಾವೇನು?"

ಅಮರನ ತಂದೆ ಮನ್ಮಥಪ್ಪನವರು ತಲೆ ತಗ್ಗಿಸಿದರು. "ಯಾರ್ ಫೋನ್ ಮಾಡಿದ್ರೋ ಏನೋ."

ಆ ಮಾತು ಅಶ್ವಿತಾಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಕೊನೆಯ ಕಾಲ್ ಅವಳದು. ಎರಡು ಸಲ ರಿಂಗಾಗಿ ಕಟ್ಟಾಗಿತ್ತು. ಕಟ್ಟಾದ ಆ ಕ್ಷಣದಲ್ಲೇ ಅವನು ಬಿದ್ದನೇ? ಅದರ ಮೇಲೆ, ನೀವಿಲ್ಲದೆಯೂ ನಡೀತದೆ ಎಂದು ಬರೆದಿದ್ದಳಲ್ಲ. ದೇವರು ಅದನ್ನೇ ನಿಜ ಮಾಡಿಬಿಟ್ಟನೇ?

ಅವಳು ಊಟ ಬಿಟ್ಟಳು. ತಾಯಿ ಸರೋಜಿನಿ ಗಂಜಿ ಮಾಡಿ ತಂದರೆ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದಳು. ಅವನ ನಂಬರಿಗೆ ಕರೆ ಮಾಡುತ್ತಿದ್ದಳು. ಬೇಡ ಎನ್ನುವವರೂ ಆ ಕಡೆ ಇರಲಿಲ್ಲ. ಗೋದಾವರಿಯ ಮೆಟ್ಟಿಲ ಮೇಲೆ ಕುಳಿತರೆ, ಇಳಿದು ಹೋದರೆ ಸಾಕು ಅನಿಸುತ್ತಿತ್ತು. ಒಂದು ಸಂಜೆ ಹರಿದಾಸರು ಅಲ್ಲಿಗೇ ಬಂದು ಪಕ್ಕದಲ್ಲಿ ಕುಳಿತರು.

"ಆ ಸಾಂಬಾರಿನ ಹುಡುಗ ಅಲ್ವಾ ಮಗಾ?" ಎಂದರು.

ಅವಳು ಹೌದೆಂದು ತಲೆಯಾಡಿಸಿದಳು. ಕತ್ತಲಾಗುವ ಮುನ್ನ ಅವರು ಕೈ ಹಿಡಿದು ಮನೆಗೆ ಕರೆದುಕೊಂಡು ಹೋದರು.

*

ರಘೋತ್ತಮ ಅವಳ ಹೆಸರನ್ನು ಆ ತಿಂಗಳ ಬಹುಮಾನಕ್ಕೆ ಕಳಿಸಿದ್ದರು. ಅದನ್ನು ಹೇಳಲು ಅವರು ಬಂದ ದಿನವೇ ಸಂಪರ್ಕ ಮತ್ತೆ ಕಡಿಯಿತು. ತೆರೆಯ ಮೇಲೆ ಅಮರ ಹೋದ ದಿನದಂತೆಯೇ ಟೈಮ್‌ಔಟ್.

"ನೀನು ಅವತ್ತು ಮಾಡಿದ್ದನ್ನೇ ಮಾಡು" ಎಂದರು ರಘೋತ್ತಮ.

ಅವಳು ಸರ್ವರ್‌ ಅನ್ನು ನಿಲ್ಲಿಸಿ ಚಾಲೂ ಮಾಡಿದಳು. ಸಂಪರ್ಕ ಬರಲಿಲ್ಲ. ಮತ್ತೆ ಮಾಡಿದಳು. ಆಗಲೂ ಬರಲಿಲ್ಲ. ಕೊನೆಗೆ ಸಂಭಾಜಿನಗರದ ರತ್ನಾಕರನಿಗೆ ಫೋನ್ ಮಾಡಿದಳು. ಅಮರನಲ್ಲದೆ ಆ ಕಡೆಯ ಪಾಸ್‌ವರ್ಡ್ ಇದ್ದವನು ಅವನೊಬ್ಬನೇ.

"ನಿಮ್ ಕಡಿ ಎಷ್ಟ್ ಬಡಕೊಂಡ್ರೂ ಬರಲ್ಲರಿ ಮೇಡಂ" ಎಂದ ಅವನು. "ನಮ್ ಫೈರ್‌ವಾಲ್ ನಿಮ್ಮನ್ನ ಹೊರಗ ಹಾಕ್ಯದ. ಬಾಗಲಾ ಈ ಕಡಿಯಿಂದನೇ ತೆಗೀಬೇಕು. ತಡೀರಿ. ಹಾಂ, ಈಗ ನೋಡ್ರಿ."

ಸಂಪರ್ಕ ಬಂತು. ಸುತ್ತ ಇದ್ದವರು ನಿಟ್ಟುಸಿರು ಬಿಟ್ಟರು. ಅಶ್ವಿತಾ ಮಾತ್ರ ಫೋನ್ ಇಡಲಿಲ್ಲ.

"ರತ್ನಾಕರ್, ಅವತ್ತು ಯಾರು ತೆಗೆದದ್ದು?"

"ಯಾವತ್ತು?"

"ಅಮರ್ ಹೋದ ದಿವಸ."

"ನಾ ಬೀದರ್‌ನಾಗ ಲಗ್ನದಾಗ ಇದ್ದೆ. ಲ್ಯಾಪ್‌ಟಾಪ್ ಮನ್ಯಾಗ ಬಿಟ್ಟಿದ್ದೆ. ಅಮರ ಬಿಟ್ರ ಮತ್ಯಾರೂ ಇಲ್ಲರಿ."

ಗಾಡಿ ಓಡಿಸುತ್ತ ಯಾರೂ ಫೈರ್‌ವಾಲ್ ತೆರೆಯಲಾರರು. ಅದಕ್ಕೆ ಕೂರಬೇಕು, ಲ್ಯಾಪ್‌ಟಾಪ್ ಬಿಚ್ಚಬೇಕು. ಅವಳ ಕಾಲ್ ಕಟ್ಟಾಗಿದ್ದು ಮೊದಲು, ಸಂಪರ್ಕ ಬಂದದ್ದು ಆಮೇಲೆ. ಹಾಗಾದರೆ ಅವಳ ಕಾಲ್ ಕಟ್ಟಾದ ಮೇಲೂ ಅವನು ಎಲ್ಲೋ ಕುಳಿತಿದ್ದ. ಜೀವಂತನಾಗಿದ್ದ.

ಆಫೀಸೆಲ್ಲ ನೋಡುತ್ತಿರುವಂತೆಯೇ ಅವಳು ಮೊದಲ ಬಾರಿಗೆ ಬಿಕ್ಕಿ ಬಿಕ್ಕಿ ಅತ್ತಳು.

*

ಹರಿದಾಸರು ಹೋಟೆಲಿಗೆ ಬಾಗಿಲು ಹಾಕಿ, ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ವೈಜಾಪುರಕ್ಕೆ ಸ್ವಲ್ಪ ಈಚೆ, ಅಪಘಾತವಾದ ತಿರುವಿನ ಹತ್ತಿರ, ಬೇವಿನ ಮರದ ಕೆಳಗೆ ಒಂದು ಚಹಾದ ಅಂಗಡಿ. ಅಂಗಡಿಯ ಲಾಲಸಾಬ ಕಲಬುರಗಿಯ ಕಡೆಯವನು. ಫೋಟೋ ತೋರಿಸಿದ ಕೂಡಲೇ ಕನ್ನಡಕ್ಕೆ ತಿರುಗಿದ.

"ನಮ್ಮ ಅಮರಪ್ಪ ಅಲ್ಲೇನ್ರಿ? ಈ ದಾರಿ ಹಿಡದ್ರ ಇಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡೀದೆ ಹೋಗ್ತಿದ್ದಿಲ್ಲ. ಕನ್ನಡ ಮಾತಾಡ್ಲಿಕ್ಕಿ ಬರ್ತೀನಿ ಚಾಚಾ ಅಂತಿದ್ದ."

"ಅವತ್ತು ಫೋನ್ ಬಂದಿತ್ತಾ?" ಅಶ್ವಿತಾಳ ದನಿ ಒಡೆಯಿತು.

"ಬಂತರಿ. ಆಗಲೇ ಇದೇ ಬೆಂಚಿನ ಮ್ಯಾಲ ಕೂತಿದ್ದ, ಕೈಯಾಗ ಕಪ್ ಇತ್ತು. ಯಾಕ ಕಟ್ ಮಾಡ್ದಿ ಅಂದೆ. ಈಗ ಎತ್ತಿದ್ರ ಬೈತಾಳ ಚಾಚಾ, ಮೊದಲ ಕೆಲಸ ಮಾಡ್ತೀನಿ ಅಂದ. ಕಂಪ್ಯೂಟರ್ ತೆಗದು ಏನೋ ಬಡದ. ಚಹಾ ಆರಿ ಹೋಯ್ತು. ಆಮ್ಯಾಲ ಮೊಬೈಲ್ ನೋಡಿ ನಗ್ಲತ್ತಾ, ನಗ್ಲತ್ತಾ..."

"ಏನಂದ್ರು?"

"ನಾ ಇಲ್ದೇನೂ ನಡೀತದಂತ, ಆಕಿಗಿ ಈಗ ಎಲ್ಲಾರೂ ಶಾಬಾಶ್ ಅಂತಿರ್ಬೇಕು ಅಂದ. ನೀನೇ ಮಾಡೀಯಲ್ಲೋ, ಹೇಳು ಅಂದೆ. ಬ್ಯಾಡ ಚಾಚಾ, ಆಕಿದು ಅಂದ್ರ ನಂದೇ ಅಲ್ಲೇನು ಅಂದ. ಫೋನ್ ಚೀಲದಾಗ ಹಾಕಿ ಚೈನ್ ಎಳದ. ಗಾಡಿ ಚಾಲೂ ಮಾಡಿ ನಾಕ್ ಮಾರು ಹೋಗಿರ್ಲಿಲ್ಲ, ಎದುರಿನ ಲಾರಿ ಬ್ರೇಕ್ ಹತ್ತದೆ ಈ ಕಡಿ ಬಂತು." ಅವನು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಆ ಚೀಲ ನಾನೇ ಪೊಲೀಸರ ಕೈಗಿ ಕೊಟ್ಟೀನ್ರಿ. ಫೋನ್ ಒಳಗೇ ಇತ್ತು, ಚೈನ್ ಹಾಕಿದ್ದು ಹಾಕಿದಂಗೇ."

ಅಶ್ವಿತಾ ಆ ಬೆಂಚಿನ ಮೇಲೆ ಕುಳಿತು ಅಂಗೈಯಿಂದ ಮರವನ್ನು ಸವರಿದಳು. ಲಾಲಸಾಬ ತಂದಿಟ್ಟ ಚಹಾವನ್ನು ಕಣ್ಣೀರಿನೊಂದಿಗೇ ಕುಡಿದಳು. ಎಷ್ಟೋ ದಿನಗಳ ಮೇಲೆ ಅವಳ ಗಂಟಲಿನಿಂದ ಏನೋ ಒಂದು ಕೆಳಗೆ ಇಳಿಯಿತು.

*

ಶುಕ್ರವಾರದ ಮೀಟಿಂಗಿನಲ್ಲಿ ಅವಳ ಸರದಿ ಬಂದಾಗ ಎದ್ದು ನಿಂತಳು.

"ಅವತ್ತು ಸಂಪರ್ಕ ತಂದದ್ದು ನಾನಲ್ಲ. ದಾರಿಯಲ್ಲಿ ಕೂತು ಆ ಕಡೆಯಿಂದ ಬಾಗಿಲು ತೆಗೆದದ್ದು ಅಮರ್. ಬಹುಮಾನ ಅವರ ತಾಯಿಗೆ ಹೋಗಲಿ." ಆಮೇಲೆ ತಲೆ ತಗ್ಗಿಸದೆ ಹೇಳಿದಳು: "ನಾನು ಅವರನ್ನು ಮದುವೆಯಾಗುವವಳಿದ್ದೆ. ಶಾಬಾಶ್ ಅಮರ್."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಎದ್ದು ನಿಂತರು.

ಮರುದಿನ ಸಂಭಾಜಿನಗರದಲ್ಲಿ ಮನ್ಮಥಪ್ಪನವರು ಅಶ್ವಿತಾಳ ಬಾಯಿಂದ ಲಾಲಸಾಬನ ಮಾತನ್ನೆಲ್ಲ ಕೇಳಿದರು. "ನನ್ನ ಮಗ ಗಾಡಿ ಮ್ಯಾಲ ಫೋನ್ ಹಿಡೀಲಿಲ್ಲ" ಎಂದು ಒಮ್ಮೆ ತಮಗೆ ತಾವೇ ಹೇಳಿಕೊಂಡರು. ತಾಯಿ ಕಾಶಿಬಾಯಿ ಅಶ್ವಿತಾಳನ್ನು ಸಮಾಧಿಯ ಬಳಿಗೆ ಕರೆದೊಯ್ದು, ವಿಭೂತಿಯ ಬಟ್ಟಲನ್ನು ಅವಳ ಕೈಗಿಟ್ಟರು.

"ಹಚ್ಚು ತಾಯಿ. ನೀ ಹೊರಗಿನಾಕಿ ಅಲ್ಲ."

ಅವಳು ಕಲ್ಲಿಗೆ ವಿಭೂತಿ ಹಚ್ಚಿ, ಹಣೆಯನ್ನು ಅದಕ್ಕೆ ತಾಗಿಸಿ, ಕಣ್ಣು ಮುಚ್ಚಿ ದೇವರಲ್ಲಿ ಬೇಡಿಕೊಂಡಳು.

ತಂದೆಯೇ, ಈ ಕಡೆ ನಿಂತು ನಾವು ಎಷ್ಟು ಬಡಿದರೂ ನಿನ್ನ ಬಾಗಿಲು ತೆರೆಯದು. ಅದನ್ನು ನೀನೇ ತೆರೆಯಬೇಕು. ಕೆಲಸ ಮುಗಿಸಿ, ನಗುತ್ತ ಹೊರಟವನು ನಿನ್ನ ಬಳಿಗೆ ಬಂದಿದ್ದಾನೆ. ಅವನನ್ನು ಹೊರಗೆ ಕಾಯಿಸಬೇಡ. ಒಳಗೆ ಕರೆದುಕೋ, ದಣಿವಾರಿಸು, ಅವನ ಆತ್ಮಕ್ಕೆ ಶಾಂತಿ ಕೊಡು.